ಚೌಕಕ್ಕೆ ಸಿಗದ ನೀರು

ಮಾಧವ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ಪಶ್ಚಿಮಘಟ್ಟದ ತಜ್ಞಸಮಿತಿಯು 2011ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರಕ್ಕೆ ಒಪ್ಪಿಸಿದ ವರದಿಯನ್ನು ಕುರಿತು ಎದ್ದ ಪರವಿರೋಧಗಳ ಕೋಲಾಹಲದಲ್ಲಿ, ಅದರ ಅಧ್ಯಯನಕ್ರಮ ಎಷ್ಟರಮಟ್ಟಿಗೆ ಸಮರ್ಪಕವಾದುದೆಂಬ ಪ್ರಶ್ನೆ ಮರೆಗೆ ಸರಿಯಿತು. ಆ ಕ್ರಮವನ್ನು ಒರೆಗೆ ಹಚ್ಚಲು ಗೋವೆಯ ಡಿಚೋಲಿ ತಕ್ಕ ಸ್ಥಳ; ಘಟ್ಟದ ತಪ್ಪಲಿನ ಕಬ್ಬಿಣದ ಅದಿರೂ, ನಮ್ಮ ಖಾನಾಪುರದ ಸೀಮೆಯಲ್ಲಿ ಮಹದಾಯಿಯಾಗಿ ಹುಟ್ಟಿ ಇಲ್ಲಿ ಮಾಂಡವಿಯೆನಿಸಿಕೊಂಡ ಹೊಳೆಯೂ, ಕಡಲಿನಿಂದ ಏರಿಬರುವ ಉಬ್ಬರವೂ ಈ ಒಂದೇ ತಾಲೂಕಿನಲ್ಲಿ ಸಂಧಿಸುತ್ತವೆ.

ಘಟ್ಟಸೀಮೆಯನ್ನೆಲ್ಲ ಸುಮಾರು 9 ಕಿಲೋಮೀಟರ್ ಅಗಲದ ಚೌಕಗಳಾಗಿ ವಿಂಗಡಿಸಿ, ಎತ್ತರ, ಇಳಿಜಾರು, ಕಾಡು, ಸ್ಥಳೀಯ ಸಸ್ಯಪ್ರಭೇದಗಳಿಗೆ ಅಂಕ ಕೊಟ್ಟು, ಲೆಕ್ಕದ ಬಗೆಯನ್ನು ಎಲ್ಲರೆದುರು ತೆರೆದಿಟ್ಟದ್ದು ವರದಿಯ ದೊಡ್ಡ ಗುಣ. ಊರಿನ ವಿಷಯದಲ್ಲಿ ಗ್ರಾಮಸಭೆಯ ಮಾತು ನಡೆಯಬೇಕೆಂದದ್ದು ಅದಕ್ಕಿಂತ ದೊಡ್ಡದು. ಆದರೆ ಹೊಳೆದಂಡೆಯ ಮರಗಳನ್ನೂ ಗಣಿಸಿದ ಈ ಕ್ರಮ, ಆ ಹೊಳೆ ಹೊತ್ತು ತರುವ ಮಣ್ಣನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ಡಿಚೋಲಿಯ ಶಿರಗಾಂವಿನಲ್ಲಿ ಗಣಿಕುಳಿಗಳು ಅಂತರ್ಜಲಕ್ಕಿಂತ ಕೆಳಗಿಳಿದು, ನೀರನ್ನು ಪಂಪಿನಿಂದ ಹೊರಹಾಕಿದಂತೆಲ್ಲ ಊರ ಬಾವಿಗಳು ಬತ್ತಿದವು. ರಾಶಿಹಾಕಿದ ಮಣ್ಣು ಮಳೆಗಾಲದಲ್ಲಿ ಕೊಚ್ಚಿಬಂದು ಗದ್ದೆಗಿಳಿಯಿತು. ಒಂದು ಚೌಕದ ಅಪರಾಧಕ್ಕೆ ಮತ್ತೊಂದು ಚೌಕದ ರೈತನಿಗೆ ದಂಡ!

ಉಬ್ಬರದ ನೀರಿಗೆ ಕಟ್ಟೆ ಹಾಕಿ ಮಾಡಿದ ತಗ್ಗಿನ ಖಾಜನ್ ಗದ್ದೆಯನ್ನು ನೋಡಿದರೆ ಈ ಕೊರತೆ ಇನ್ನಷ್ಟು ಸ್ಪಷ್ಟ. ಜೇಡಿಮಣ್ಣಿನ ಕಟ್ಟೆಯ ನಡುವೆ 'ಮಾನಸ' ಎಂಬ ತೂಬು. ಅದರ ಮರದ ಕದವನ್ನು ಉಬ್ಬರದ ನೀರೇ ಒತ್ತಿ ಮುಚ್ಚುತ್ತದೆ, ಇಳಿತದಲ್ಲಿ ಒಳಗಿನ ಮಳೆನೀರೇ ತಳ್ಳಿ ತೆರೆಯುತ್ತದೆ. ಉಪ್ಪನ್ನು ಸಹಿಸುವ ಕೊರಗುಟ್ ಭತ್ತ ಒಳಗೆ. ತೂಬಿನ ಬಾಯಲ್ಲಿ ಮೀನು, ಆ ಮೀನು ಹಿಡಿಯುವ ಹಕ್ಕಿನ ಹರಾಜು, ಹರಾಜಿನ ಹಣದಿಂದ ಕಟ್ಟೆಯ ದುರಸ್ತಿ. ಹೊಳೆ, ಕಡಲು, ಜೀವನೋಪಾಯಗಳನ್ನು ಒಂದೇ ವ್ಯವಸ್ಥೆಯೊಳಗೆ ಹೆಣೆಯುವ ಕೆಲಸವನ್ನು, ಸಮಗ್ರ ಅಧ್ಯಯನವೆಂಬ ಬಿರುದಿಲ್ಲದೆಯೇ, ಗಾಂವಕರಿ ಎಂಬ ಗ್ರಾಮಸಮುದಾಯಗಳು ಶತಮಾನಗಳ ಹಿಂದೆಯೇ ಮಾಡಿದ್ದುವು.

ಹಾಗೆಂದು ಗಣಿಯ ಜನರನ್ನು ಲೆಕ್ಕದಿಂದ ಬಿಡುವುದೂ ಅನ್ಯಾಯ. 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಗೋವೆಯ 88 ಗಣಿಗುತ್ತಿಗೆಗಳ ನವೀಕರಣವನ್ನು ರದ್ದುಪಡಿಸಲು, ಅದಿರು ಹೇರುತ್ತಿದ್ದ ಲಾರಿಯವರೂ, ಅದನ್ನು ಮರ್ಮಗೋವಾ ಬಂದರಿಗೆ ಒಯ್ಯುತ್ತಿದ್ದ ಬಾರ್ಜಿನವರೂ ಕೆಲಸವಿಲ್ಲದೆ ಕುಳಿತರು. ಇನ್ನು ಮುಂದೆ ಇಲ್ಲಿಗೆ ಬರುವ ಸಂಶೋಧಕನು ತನ್ನ ಅಳತೆಯನ್ನು ಮಾನಸದ ಬಾಯಲ್ಲಿ ಆರಂಭಿಸಿ, ಹೂಳಿನ ಜಾಡು ಹಿಡಿದು ಗಣಿಯವರೆಗೂ, ಅಲ್ಲಿಂದ ಲಾರಿ ಚಾಲಕನ ಮನೆಯವರೆಗೂ ನಡೆಯಬೇಕು. ನಕ್ಷೆಯ ಚೌಕಗಳನ್ನು ಆಮೇಲೆ ಎಳೆದುಕೊಳ್ಳಬಹುದು.