ಕಾಡ್ ಅವರ ಕೋಷ್ಟಕ ಸಿದ್ಧಾಂತ ಮತ್ತು ಹಸ್ತಪ್ರತಿ ಸೂಚಿ: ಒಂದು ವಿಮರ್ಶೆ

ಅಮೆರಿಕದ ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಎಡ್ಗರ್ ಎಫ್. ಕಾಡ್ ಅವರು 1970ರಲ್ಲಿ ಪ್ರಕಟಿಸಿದ ಲೇಖನವೇ ರಿಲೇಷನಲ್ ಡೇಟಾಬೇಸ್ ಶಾಸ್ತ್ರಕ್ಕೆ ಮೂಲ. ಯಂತ್ರದೊಳಗಿನ ಸಂಗ್ರಹಕ್ರಮಕ್ಕೆ ಕಟ್ಟುಬೀಳದೆ, ಸಂಗತಿಗಳನ್ನು ಸರಳ ಕೋಷ್ಟಕಗಳಾಗಿ ನಿರೂಪಿಸಬೇಕೆಂಬುದು ಅದರ ತಿರುಳು. ಹಸ್ತಪ್ರತಿ ಸೂಚಿಗಳು ಗಣಕಯಂತ್ರಕ್ಕೆ ಏರುತ್ತಿರುವ ಇಂದು ಆ ಶಾಸ್ತ್ರದ ಗುಣದೋಷವಿವೇಚನೆ ವಿದ್ವಾಂಸರಿಗೂ ಅವಶ್ಯಕವಾಗಿದೆ.

ಕಾಡ್ ಅವರ ಕ್ರಮದಲ್ಲಿ ಕೋಷ್ಟಕದ ಪ್ರತಿಯೊಂದು ಸಾಲಿಗೂ ಅನನ್ಯವಾದ ಗುರುತಿರಬೇಕು; ಅದಕ್ಕೆ ಪ್ರೈಮರಿ ಕೀ ಎಂದು ಹೆಸರು. ಕೃತಿಯ ಹೆಸರನ್ನೇ ಗುರುತಾಗಿ ಹಿಡಿದರೆ ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣವೂ ಪಂಪನ ಕನ್ನಡ ಆದಿಪುರಾಣವೂ ಒಂದಾಗಿಬಿಡುತ್ತವೆ; ವಿಕ್ರಮಾರ್ಜುನವಿಜಯ, ಪಂಪಭಾರತ ಎಂಬ ಹೆಸರುಗಳಿಂದ ಒಂದೇ ಕಾವ್ಯ ಎರಡಾಗುತ್ತದೆ. ಕರ್ತೃನಾಮವೂ ಸಾಲದು: ಹರಿವಂಶಪುರಾಣದ ಜಿನಸೇನರು ಬೇರೆ, ಆದಿಪುರಾಣದ ಜಿನಸೇನರು ಬೇರೆ. ಆದುದರಿಂದ ಪ್ರತ್ಯೇಕ ಸಂಖ್ಯೆಯೇ ಗುರುತಾಗಿರುವುದು ಯುಕ್ತ.

ಒಂದು ಮನೆಯಲ್ಲಿ ಒಂದೇ ಸಂಗತಿಯಿರಬೇಕೆಂಬುದು ಪ್ರಥಮ ನಿಯಮ. ಜಿನಸೇನರು ಆರಂಭಿಸಿದ ಮಹಾಪುರಾಣವನ್ನು ಗುಣಭದ್ರರು ಪೂರ್ಣಗೊಳಿಸಿದರು. ಇಬ್ಬರ ಹೆಸರನ್ನೂ ಒಂದೇ ಮನೆಯಲ್ಲಿ ತುಂಬಿದರೆ, ಗುಣಭದ್ರರ ಕೃತಿಗಳನ್ನು ಅರಸುವವರಿಗೆ ಅದು ದೊರೆಯದೆ ಹೋಗಬಹುದು. ಕೃತಿಗೊಂದು, ಕರ್ತೃವಿಗೊಂದು ಕೋಷ್ಟಕವಿದ್ದು, ಅವೆರಡರ ಸಂಬಂಧವನ್ನು ಮೂರನೆಯದು ಹೇಳಬೇಕು. ಒಂದು ಓಲೆಕಟ್ಟಿನಲ್ಲಿ ಹಲವು ಕೃತಿಗಳು, ಒಂದು ಕೃತಿಗೆ ಹಲವು ಪ್ರತಿಗಳು ಇರುವಲ್ಲಿಯೂ ಇದೇ ನ್ಯಾಯ. ಕರ್ತೃವಿನ ಕಾಲವನ್ನು ಒಂದೊಂದು ಹಸ್ತಪ್ರತಿಯ ವಿವರದಲ್ಲಿಯೂ ಮತ್ತೆ ಮತ್ತೆ ಬರೆದರೆ, ತಿದ್ದುವಾಗ ಒಂದೆಡೆ ಹಳೆಯದು ಉಳಿದು ಸೂಚಿಯು ತನಗೆ ತಾನೇ ವಿರುದ್ಧವಾಗುತ್ತದೆ. ಮುಂದೆ ಕಾಡ್ ಅವರೇ ಪ್ರತಿಪಾದಿಸಿದ ಎರಡನೆಯ, ಮೂರನೆಯ ನಿಯಮಗಳ ಉದ್ದೇಶ ಇಂತಹ ದೋಷದ ಪರಿಹಾರವೇ.

ಇಷ್ಟರಮಟ್ಟಿಗೆ ಸಿದ್ಧಾಂತ ನಿರ್ದುಷ್ಟವಾದುದು. ಆದರೆ ಯಾವುದು ಪುನರುಕ್ತಿ ಎಂಬುದನ್ನು ಅದು ತಾನಾಗಿ ನಿರ್ಣಯಿಸಲಾರದು. ಪುಷ್ಪಿಕೆಯಲ್ಲಿ ಲಿಪಿಕಾರನು ಬರೆದ ಹೆಸರು ಆ ಪ್ರತಿಯ ಧರ್ಮ. ವಿದ್ವಾಂಸರು ನಿಶ್ಚಯಿಸಿದ ಹೆಸರು ಕೃತಿಯನ್ನು ಕುರಿತ ತೀರ್ಮಾನ. ಎರಡೂ ಒಂದೇ ಎಂದು ಬಗೆದು ಮೊದಲನೆಯದನ್ನು ಅಳಿಸಿದರೆ ಸಾಕ್ಷ್ಯವೇ ಅಳಿಯುತ್ತದೆ. ತೀರ್ಮಾನವನ್ನು ನಾಳೆ ತಿದ್ದಬಹುದು. ಓಲೆ ಶಿಥಿಲವಾದ ಮೇಲೆ ಸಾಕ್ಷ್ಯವನ್ನು ಮರಳಿ ಪಡೆಯಲಾಗದು. ಆದಕಾರಣ ಇವೆರಡಕ್ಕೂ ಬೇರೆ ಬೇರೆ ಸ್ಥಾನ ಕಲ್ಪಿಸುವುದು ಅನಿವಾರ್ಯ.

ನಿಯಮಗಳನ್ನು ಕಂಠಪಾಠ ಮಾಡುವುದು ಕಠಿಣವಲ್ಲ. ಯಾವ ಸಂಗತಿ ಯಾವುದಕ್ಕೆ ಸೇರಿದ್ದೆಂಬ ವಿವೇಕ ಮಾತ್ರ ವಸ್ತುಪರಿಚಯದಿಂದಲೇ ಬರತಕ್ಕದ್ದು. ಆದ್ದರಿಂದ ಸೂಚಿಯ ರಚನೆಯನ್ನು ಯಂತ್ರಜ್ಞರಿಗಷ್ಟೇ ಒಪ್ಪಿಸದೆ, ಓಲೆಗಳನ್ನು ಬಿಚ್ಚಿ ಓದಿಬಲ್ಲ ಪಂಡಿತರೂ ಆರಂಭದಿಂದಲೇ ಅದರಲ್ಲಿ ಭಾಗಿಗಳಾಗುವುದು ಉಚಿತ.