ಪದರ ಕಟ್ಟಿದ ಲಿಕ್ಯೂರ್ ಶಾಟ್: ರಸಿಕರಿಗೊಂದು ಕೈಪಿಡಿ

ಬಿ-52 ಎಂಬ ಶಾಟ್‌ನಲ್ಲಿರುವುದು ಮೂರೇ ಪಾನೀಯ. ತಳದಲ್ಲಿ ಮೆಕ್ಸಿಕೋದ ಕಾಫಿ ಲಿಕ್ಯೂರ್ ಕಲೂವಾ, ನಡುವೆ ಬೇಲೀಸ್ ಐರಿಶ್ ಕ್ರೀಮ್, ಮೇಲೆ ಕಿತ್ತಳೆ ಪರಿಮಳದ ಫ್ರೆಂಚ್ ಲಿಕ್ಯೂರ್ ಗ್ರಾನ್ ಮಾರ್ನಿಯೆ. ಒಂದೊಂದೂ 15 ಮಿಲಿ. ಬೇಲೀಸ್ ಮಾರುಕಟ್ಟೆಗೆ ಬಂದದ್ದೇ 1974ರಲ್ಲಿ, ಹಾಗಾಗಿ ಈ ಶಾಟ್ ಅದಕ್ಕಿಂತ ಹಳೆಯದಲ್ಲ. ಕೆನಡಾದ ಬ್ಯಾನ್ಫ್‌ನ ಹೋಟೆಲೊಂದರಲ್ಲಿ 1977ರ ಸುಮಾರಿಗೆ ಹುಟ್ಟಿತೆಂಬ ಮಾತು ಹೆಚ್ಚು ಪ್ರಚಾರದಲ್ಲಿದೆ. ಪದರ ಕಟ್ಟುವ ಕಲೆ ಮಾತ್ರ ಬಹಳ ಹಿಂದಿನದು. ಊಟದ ನಂತರ, ಕಾಫಿಯ ಬೆನ್ನಿಗೆ ಕುಡಿಯುವ ಪೂಸ್-ಕಫೇ ಎಂಬ ಪಾನೀಯದ ವಿಧಾನಗಳನ್ನು ಅಮೆರಿಕದ ಜೆರ್ರಿ ಥಾಮಸ್ 1862ರ ತನ್ನ ಪುಸ್ತಕದಲ್ಲೇ ಕೊಟ್ಟಿದ್ದ.

ಯಾವುದು ಕೆಳಗೆ, ಯಾವುದು ಮೇಲೆ ಎಂಬುದನ್ನು ನಿರ್ಧರಿಸುವುದು ಸಕ್ಕರೆ ಮತ್ತು ಆಲ್ಕೊಹಾಲ್ ನಡುವಿನ ಹಗ್ಗಜಗ್ಗಾಟ. ಸಕ್ಕರೆ ದ್ರವದ ಸಾಂದ್ರತೆಯನ್ನು ಏರಿಸುತ್ತದೆ, ಆಲ್ಕೊಹಾಲ್ ಇಳಿಸುತ್ತದೆ. ನೀರನ್ನು 1 ಎಂದಿಟ್ಟುಕೊಂಡರೆ ಶುದ್ಧ ಆಲ್ಕೊಹಾಲ್ ಸುಮಾರು 0.79. ಸಕ್ಕರೆ ತುಂಬಿದ ಕಲೂವಾ 1.14ರ ಆಸುಪಾಸಿನಲ್ಲಿದೆ, ಬೇಲೀಸ್ ಸುಮಾರು 1.05, ಗ್ರಾನ್ ಮಾರ್ನಿಯೆ ಸುಮಾರು 1.03. ಸಕ್ಕರೆಯಿಲ್ಲದ ವೋಡ್ಕಾ, ಬ್ರಾಂದಿಗಳು 0.95ರ ಹತ್ತಿರ ಇರುವುದರಿಂದ ಅವುಗಳ ಜಾಗ ಯಾವಾಗಲೂ ಮೇಲೆಯೇ.

ಹಾಗೆಂದು ಘಾಟು ಹೆಚ್ಚಿದ್ದದ್ದೆಲ್ಲ ತೇಲುತ್ತದೆ ಎಂದುಕೊಳ್ಳುವಂತಿಲ್ಲ. ಇಟಲಿಯ ಸೋಂಪಿನ ಲಿಕ್ಯೂರ್ ಸಂಬೂಕಾದಲ್ಲಿ ಕನಿಷ್ಠ 38 ಶೇಕಡಾ ಆಲ್ಕೊಹಾಲ್ ಇರುತ್ತದೆ, ಬೇಲೀಸ್‌ನಲ್ಲಿ 17 ಮಾತ್ರ. ಆದರೂ ಸಂಬೂಕಾ ಕೆಳಗೆ ಕೂರುತ್ತದೆ, ಬೇಲೀಸ್ ಅದರ ಮೇಲೆ ನಿಲ್ಲುತ್ತದೆ. ಯುರೋಪಿನ ನಿಯಮದಂತೆ ಲೀಟರ್ ಸಂಬೂಕಾದಲ್ಲಿ ಕನಿಷ್ಠ 350 ಗ್ರಾಂ ಸಕ್ಕರೆ ಇರಲೇಬೇಕು. ಬೇಲೀಸ್‌ನಲ್ಲಿ ಸಕ್ಕರೆ ಅದಕ್ಕಿಂತ ಕಡಿಮೆ, ಜೊತೆಗೆ ನೀರಿಗಿಂತ ಹಗುರವಾದ ಕೆನೆಯ ಕೊಬ್ಬೂ ಇದೆ. ಬಾಟಲಿಯ ಚೀಟಿಯೂ ಒಂದಿಷ್ಟು ಸುಳಿವು ಕೊಡುತ್ತದೆ. ಹೆಸರಿನ ಮೊದಲಿಗೆ ‘ಕ್ರೆಮ್ ದ’ ಎಂದಿದ್ದರೆ ಅದೇ ನಿಯಮದ ಪ್ರಕಾರ ಲೀಟರಿಗೆ ಕನಿಷ್ಠ 250 ಗ್ರಾಂ ಸಕ್ಕರೆ ಇರುತ್ತದೆ. ಕಪ್ಪು ಕರಂಟ್‌ನ ಕ್ರೆಮ್ ದ ಕಾಸಿಸ್‌ನಲ್ಲಿ 400 ಗ್ರಾಂ. ಇವೆಲ್ಲ ತಳಕ್ಕೆ ಹೋಗುವ ಸರಕು.

ಒಂದೇ ಹೆಸರಿನ ಲಿಕ್ಯೂರ್ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬದಲಾಗುವುದರಿಂದ ಪಟ್ಟಿಗಳನ್ನು ಪೂರ್ತಿ ನಂಬುವುದಕ್ಕಿಂತ ಮನೆಯಲ್ಲೇ ತೂಗಿ ನೋಡುವುದು ಮೇಲು. ಔಷಧಿಯ ಹೊಸ ಸಿರಿಂಜ್‌ನಲ್ಲಿ 10 ಮಿಲಿ ಎಳೆದು, ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿಯಲ್ಲಿ ತೂಗಿದರೆ ಸಾಕು. ಕಲೂವಾ ಹನ್ನೊಂದು ಗ್ರಾಂ ದಾಟುತ್ತದೆ, ಬೇಲೀಸ್ ಹತ್ತೂವರೆಯ ಹತ್ತಿರ ನಿಲ್ಲುತ್ತದೆ. ಎರಡರ ನಡುವಿನ ವ್ಯತ್ಯಾಸ ಹೆಚ್ಚಿದ್ದಷ್ಟೂ ಪದರ ಸುಲಭವಾಗಿ ನಿಲ್ಲುತ್ತದೆ. ಬೇಲೀಸ್ ಮತ್ತು ಗ್ರಾನ್ ಮಾರ್ನಿಯೆ ನಡುವೆ ಅಂತರ ತೀರಾ ಕಡಿಮೆ. ಬಿ-52 ಕೆಡುವುದು ಹೆಚ್ಚಾಗಿ ಅಲ್ಲೇ.

ಈ ದ್ರವಗಳು ಎಣ್ಣೆ ಮತ್ತು ನೀರಿನಂತೆ ಪರಸ್ಪರ ಒಲ್ಲದವುಗಳಲ್ಲ. ಎಲ್ಲವೂ ಒಂದರೊಳಗೊಂದು ಸುಲಭವಾಗಿ ಬೆರೆಯುತ್ತವೆ. ಕದಡದೆ ಇಟ್ಟಿರುವುದರಿಂದ ಮಾತ್ರ ಬೇರೆಯಾಗಿ ನಿಂತಿರುತ್ತವೆ. ಆದ್ದರಿಂದ ಒಮ್ಮೆ ಬೆರೆತದ್ದು ಫ್ರಿಜ್‌ನಲ್ಲಿ ಎಷ್ಟು ಹೊತ್ತು ಇಟ್ಟರೂ ಮತ್ತೆ ಬೇರ್ಪಡುವುದಿಲ್ಲ. ಚೆನ್ನಾಗಿ ಕಟ್ಟಿದ ಪದರವಾದರೋ ನಿಧಾನವಾಗಿಯೇ ಕರಗುತ್ತದೆ: ಒಂದು ಗಂಟೆಯಲ್ಲಿ ಗಡಿ ಒಂದೆರಡು ಮಿಲಿಮೀಟರ್ ಮಸುಕಾದೀತು. ಅತಿಥಿಗಳು ಬರುವ ಸ್ವಲ್ಪ ಮೊದಲೇ ಸುರಿದಿಡಲು ಯಾವ ಅಡ್ಡಿಯೂ ಇಲ್ಲ.

ಸುರಿಯುವಾಗ ಗಮನವೆಲ್ಲ ದ್ರವದ ವೇಗವನ್ನು ಮುರಿಯುವುದರ ಮೇಲಿರಬೇಕು. ಲೋಟ ಕಿರಿದಾಗಿ, ಒಣಗಿ, ಸ್ವಚ್ಛವಾಗಿರಬೇಕು. ಮೊದಲ ಲಿಕ್ಯೂರನ್ನು ಗೋಡೆಗೆ ತಾಗದಂತೆ ನಟ್ಟನಡುವೆ ಸುರಿಯಬೇಕು. ಗೋಡೆಗೆ ಅಂಟಿದ ಕಂದು ಕಲೆ ಮೇಲಿನ ಪದರದ ಅಂದವನ್ನೇ ಹಾಳುಮಾಡುತ್ತದೆ. ಎರಡನೆಯದಕ್ಕೆ ಚಿಕ್ಕ ಚಮಚವನ್ನು ಬೋರಲು ಹಿಡಿದು, ಅದರ ತುದಿ ಒಳಗೋಡೆಗೆ ತಾಗುವಂತೆ, ದ್ರವದ ಮೇಲ್ಮೈಗಿಂತ ಕೂದಲೆಳೆಯಷ್ಟು ಮೇಲಿಟ್ಟು, ಬೆನ್ನಿನ ಮೇಲೆ ಸಣ್ಣ ಧಾರೆಯಾಗಿ ಇಳಿಸಬೇಕು. ಮಟ್ಟ ಏರಿದಂತೆ ಚಮಚವೂ ಏರಬೇಕು. ಬಾಟಲಿಯಿಂದ ನೇರವಾಗಿ ಸುರಿಯುವುದಕ್ಕಿಂತ ಮೂತಿಯಿರುವ ಪುಟ್ಟ ಅಳತೆ ಲೋಟದಿಂದ ಸುರಿದರೆ ಕೈಗೆ ಹಿಡಿತ ಹೆಚ್ಚು. ತಣ್ಣಗಾದ ಲಿಕ್ಯೂರ್ ಮಂದವಾಗಿ ಕದಡುವುದು ಕಡಿಮೆಯಾಗುತ್ತದೆ, ಆದ್ದರಿಂದ ಮೂರೂ ಬಾಟಲಿಗಳನ್ನು ಒಂದೇ ಹೊತ್ತು ಫ್ರಿಜ್‌ನಲ್ಲಿಡುವುದು ಒಳ್ಳೆಯದು. ದುಬಾರಿ ಬಾಟಲಿ ತೆರೆಯುವ ಮೊದಲು ಕೈ ಪಳಗಬೇಕೆಂದರೆ ಬಣ್ಣ ಹಾಕಿದ ಗಟ್ಟಿ ಸಕ್ಕರೆ ಪಾಕ, ತೆಳು ಪಾಕ, ಬರಿನೀರು ಈ ಮೂರರಲ್ಲೇ ಅಭ್ಯಾಸ ಮಾಡಬಹುದು.

ಸಿದ್ಧವಾದ ಶಾಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಹಿಂದೆ ಬೆಳಕಿಟ್ಟುಕೊಂಡು ನೋಡಬೇಕು. ಮೊದಲು ನೋಡಬೇಕಾದದ್ದು ಬಣ್ಣಗಳನ್ನಲ್ಲ, ಗಡಿಗಳನ್ನು. ಒಳ್ಳೆಯ ಗಡಿ ಸಪೂರ ಗೆರೆಯಂತಿರುತ್ತದೆ. ಕೆಳಕ್ಕೆ ಜೋತುಬಿದ್ದ ನೂಲುಗಳು ಕಂಡರೆ ಧಾರೆ ಜೋರಾಗಿ ಬಿದ್ದಿದೆ ಎಂದರ್ಥ. ಮೋಡದಂತಹ ದಪ್ಪ ಪಟ್ಟಿ ಕಂಡರೆ ಕ್ರಮ ತಪ್ಪಿದೆ, ಇಲ್ಲವೆ ಲೋಟ ಅಲುಗಾಡಿದೆ. ಶಾಟ್ ಲೋಟ ಮೇಲೆ ಅಗಲವಾಗುವುದರಿಂದ ಸಮಪಾಲು ಸುರಿದರೂ ಮೇಲಿನ ಪದರ ತೆಳುವಾಗಿ ಕಾಣುವುದು ಸಹಜ.

ರುಚಿಯ ವಿಷಯದಲ್ಲಿ ಕುಡಿಯುವ ರೀತಿಯೇ ಮುಖ್ಯ. ಒಂದೇ ಗುಟುಕಿಗೆ ಇಳಿಸಿದರೆ ನಾಲಿಗೆಗೆ ಮೊದಲು ಮುಟ್ಟುವುದು ಮೇಲಿನ ಪದರ: ಕಿತ್ತಳೆ ಸಿಪ್ಪೆಯ ಕಹಿಗಂಪು, 40 ಶೇಕಡಾ ಆಲ್ಕೊಹಾಲ್‌ನ ಬಿಸಿ. ಕೆನೆ ಆ ಬಿಸಿಯನ್ನು ಆರಿಸುತ್ತದೆ, ಕೊನೆಗೆ ಕಾಫಿ ಬಾಯಲ್ಲಿ ಉಳಿಯುತ್ತದೆ. ಸ್ಟ್ರಾ ಹಾಕಿದರೆ ಈ ಕ್ರಮ ತಲೆಕೆಳಗಾಗುತ್ತದೆ. ಸಣ್ಣ ಗುಟುಕುಗಳಲ್ಲಿ ಒಂದೊಂದೇ ಪದರ ಸವಿಯುವುದು ಪೂಸ್-ಕಫೇಯ ಹಳೆಯ ರೀತಿ, ಲಿಕ್ಯೂರಿನ ಗುಣ ಅರಿಯಲು ಅದೇ ಉತ್ತಮ. ಆರೇಳು ಬಣ್ಣಗಳ ಕಾಮನಬಿಲ್ಲಿನ ಶಾಟ್ ನೋಡಲು ಚೆಂದವಿದ್ದರೂ ಬಾಯಿಗೆ ಒಟ್ಟು ಸಿಹಿಯಷ್ಟೇ ದಕ್ಕುತ್ತದೆ. ಒಂದರ ನಂತರ ಒಂದು ರುಚಿ ತಿಳಿಯಬೇಕಾದರೆ ಮೂರು ಪದರಕ್ಕೆ ನಿಲ್ಲಿಸುವುದೇ ಸರಿ.

ಬಿ-52 ಕೈಗೆ ಹತ್ತಿದ ಮೇಲೆ ಕಲೂವಾದ ಜಾಗದಲ್ಲಿ ಹಸಿರು ಪುದೀನದ ಕ್ರೆಮ್ ದ ಮಾಂತ್ ಹಾಕಿದರೆ ಐರ್ಲೆಂಡಿನ ಬಾವುಟದ ಮೂರು ಬಣ್ಣಗಳು ಬರುತ್ತವೆ. ಕೆನೆಯ ಲಿಕ್ಯೂರ್ ಪಕ್ಕದಲ್ಲಿ ನಿಂಬೆಯಂತಹ ಹುಳಿರಸ ಬರಕೂಡದು, ಹಾಲು ಒಡೆದಂತೆ ಅದೂ ಒಡೆಯುತ್ತದೆ.

ಬಾರ್‌ಗಳಲ್ಲಿ ಮೇಲಿನ ಪದರಕ್ಕೆ ಬೆಂಕಿ ಹಚ್ಚುವ ರೂಢಿಯಿದೆ. ಆಲ್ಕೊಹಾಲ್‌ನ ನೀಲಿ ಜ್ವಾಲೆ ಬೆಳಕಿನಲ್ಲಿ ಕಾಣುವುದೇ ಇಲ್ಲ, ಲೋಟದ ಅಂಚು ತುಟಿ ಸುಡುವಷ್ಟು ಕಾಯುತ್ತದೆ. ಮನೆಯಲ್ಲಿ ಇದನ್ನು ಬಿಡುವುದೇ ಲೇಸು. ಸಿಹಿಯ ಮರೆಯಲ್ಲಿ ಅಳತೆಯೂ ಮರೆತುಹೋಗಬಾರದು: ಒಂದು ಬಿ-52ರಲ್ಲಿರುವ ಆಲ್ಕೊಹಾಲ್ 30 ಮಿಲಿ ವಿಸ್ಕಿಯಲ್ಲಿರುವುದಕ್ಕೆ ಹೆಚ್ಚುಕಡಿಮೆ ಸಮ. ಉಳಿದ ಕಲೂವಾ, ಗ್ರಾನ್ ಮಾರ್ನಿಯೆಗಳು ಕಪಾಟಿನಲ್ಲಿ ಬಹುಕಾಲ ಬಾಳುತ್ತವೆ. ಬೇಲೀಸ್‌ಗೆ ಮಾತ್ರ ತಯಾರಾದ ದಿನದಿಂದ 2 ವರ್ಷದ ಅವಧಿ. ಸೆಖೆಯ ಊರುಗಳಲ್ಲಿ ಅದನ್ನು ಫ್ರಿಜ್‌ನಲ್ಲೇ ಇಡಬೇಕು.