ಎಣಿಕೆಯ ಪುಸ್ತಕವನ್ನು ಓದುವುದು ಹೇಗೆ?

ಮ್ಯಾನ್‌ಹೋಲಿಗೆ ಯಂತ್ರ ಇಳಿದರೆ ಹೊಸ ಆವಿಷ್ಕಾರ ಅಂತ ಕೊಂಡಾಡುತ್ತಾರೆ. ಇಳಿಯಲಿ, ಬೇಡ ಅನ್ನಲ್ಲ. ಆದರೆ ಮಲ ಹೊರುವ ಸಮುದಾಯವೇ ಕಂಡುಕೊಂಡ ದಾರಿಗೆ ಏನೆನ್ನೋಣ? ಕೋಲಾರದ ಚಿನ್ನದ ಗಣಿಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್‌ ಮತ್ತು ಸಂಗಾತಿಗಳ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 1993ರಲ್ಲೇ ನಿಷೇಧದ ಕಾಯ್ದೆ ಬಂದಿತ್ತು. ನಮ್ಮಲ್ಲಿ ಈ ಪದ್ಧತಿಯೇ ಇಲ್ಲವೆಂದು ರಾಜ್ಯ ಸರ್ಕಾರಗಳು ಅಫಿಡವಿಟ್ ಬರೆದುಕೊಟ್ಟವು. ಈ ಜನ ಊರೂರು ತಿರುಗಿ ಒಣ ಕಕ್ಕಸುಗಳನ್ನು ಎಣಿಸಿದರು, ಫೋಟೋ ತೆಗೆದರು, ಹೊರುವವರ ಹೆಸರು ಬರೆದುಕೊಂಡು ಕೋರ್ಟಿನ ಮುಂದಿಟ್ಟರು.

ನಾಚಿಕೆಯಿಂದ ಮುಚ್ಚಿಟ್ಟಿದ್ದನ್ನೇ ಸಾಕ್ಷಿ ಮಾಡಿದ ಈ ಬರವಣಿಗೆ ದಲಿತ ಆತ್ಮಕಥನದ ಪಕ್ಕ ನಿಲ್ಲುವಂಥದ್ದು. ಅಲ್ಲಿ ಒಬ್ಬರ ‘ನಾನು’ ಇದೆ. ಇಲ್ಲಿ ಸಾಲು ಸಾಲು ಹೆಸರುಗಳು. ನಮ್ಮ ದಲಿತ ವಿಮರ್ಶೆ ಮಾತ್ರ ಕತೆ, ಕಾವ್ಯ ಬಿಟ್ಟು ಈಚೆ ಬಂದಿಲ್ಲ. (ಕ್ಲಾಸಿನಲ್ಲಿ ನಾನೂ ಅಷ್ಟನ್ನೇ ಪಾಠ ಮಾಡ್ತೀನಿ.) 1993ರಿಂದೀಚೆಗೆ ಮ್ಯಾನ್‌ಹೋಲಿನಲ್ಲಿ ಸತ್ತವರನ್ನೆಲ್ಲ ಗುರುತಿಸಿ ಅವರ ಕುಟುಂಬಗಳಿಗೆ 10 ಲಕ್ಷ ರೂಪಾಯಿ ಕೊಡಿ ಎಂದು 2014ರಲ್ಲಿ ತೀರ್ಪು ಬಂತು. 2023ರಲ್ಲಿ ಕೋರ್ಟು ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಆ ಹಣ ಕೇಳಲಿಕ್ಕೂ ಮೊದಲು ಸತ್ತವನ ಹೆಸರು ಯಾವುದಾದರೂ ಪಟ್ಟಿಯಲ್ಲಿ ಇರಬೇಕು.